ಫಿಲ್ಮನ್ನು ಅಡ್ಡ ಮಲಗಿಸಿದವರು: ವಿಸ್ಟಾವಿಷನ್ ಕಥೆ

ಮನೆಯ ಬೀರುವಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಹಳೇ ಫೋಟೋ ನೆಗೆಟಿವ್ ಉಳಿದಿದ್ದರೆ ಒಂದು ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮದುವೆಯದ್ದೋ, ಜೋಗಕ್ಕೆ ಹೋದಾಗಿನದ್ದೋ, ಯಾವುದಾದರೂ ಸರಿ. ಕಪ್ಪು ಹಲ್ಲು, ಬಿಳೀ ಮೀಸೆಯ ಚಿಕ್ಕಪ್ಪನನ್ನು ನೋಡಿ ನಕ್ಕು ಮುಗಿದ ಮೇಲೆ ಅಂಚಿನ ತೂತುಗಳನ್ನು ಎಣಿಸಿ. ಒಂದು ಫೋಟೋಗೆ ಎಂಟು ತೂತು.

ಸಿನಿಮಾ ರೀಲು ಕೂಡ ಇದೇ 35 ಮಿ.ಮೀ. ಫಿಲ್ಮು. ಅದೇ ಅಗಲ, ಅಂಚಿನಲ್ಲಿ ಅದೇ ತೂತು. ಆದರೆ ಮಾಮೂಲಿ ಸಿನಿಮಾ ರೀಲಿನಲ್ಲಿ ಒಂದು ಫ್ರೇಮಿಗೆ ನಾಲ್ಕೇ ತೂತು. ಈ ನಾಲ್ಕು ಮತ್ತು ಎಂಟರ ನಡುವಿನ ವ್ಯತ್ಯಾಸವೇ ವಿಸ್ಟಾವಿಷನ್ ಎಂಬ ಸಿನಿಮಾ ತೆಗೆಯುವ ಪದ್ಧತಿ. ಇದೊಂದು ಹೊಳೆದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮ್ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಚಿತ್ರದ ಅಗಲ ಎರಡು ಸಾಲು ತೂತುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅಲ್ಲಿರುವ ಜಾಗ 25 ಮಿ.ಮೀ. ಆಸುಪಾಸು, ಅದರಲ್ಲೂ ಧ್ವನಿಯ ಪಟ್ಟಿಗೆ ಒಂದಿಷ್ಟು ಬಿಡಬೇಕು. ಕೊನೆಗೆ ಉಳಿಯುವುದು ಸುಮಾರು 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಒಂದು ಪುಟ್ಟ ಕಿಟಕಿ. ಅಂಚೆ ಚೀಟಿಯಷ್ಟೂ ಇಲ್ಲ. ಅದನ್ನು ಥಿಯೇಟರಿನಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಬೇಕು.

ಸ್ಟಿಲ್ ಕ್ಯಾಮೆರಾದಲ್ಲಿ ಹಾಗಲ್ಲ. ಅಲ್ಲಿ ಫಿಲ್ಮ್ ಅಡ್ಡಡ್ಡ ಸಾಗುತ್ತದೆ. ತೂತುಗಳು ಚಿತ್ರದ ಮೇಲೆ ಮತ್ತು ಕೆಳಗೆ ಬರುತ್ತವೆ. ಹಾಗಾಗಿ ತೂತಿನ ಕಾಟ ಇರುವುದು ಎತ್ತರಕ್ಕೆ ಮಾತ್ರ, ಅಗಲವನ್ನು ಬೇಕಾದಷ್ಟು ಎಳೆಯಬಹುದು. ಜರ್ಮನಿಯ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನೇ ಹೀಗೆ ಅಡ್ಡ ಓಡಿಸಿ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಚಿತ್ರದ ಅಳತೆ 36 ಮಿ.ಮೀ.ಗೆ 24 ಮಿ.ಮೀ. ನಿಮ್ಮ ಚಿಕ್ಕಪ್ಪ ಕೂತಿರುವುದು ಆ ಅಳತೆಯ ಚೌಕಟ್ಟಿನಲ್ಲೇ.

ಸಿನಿಮಾದಿಂದ ಸ್ಟಿಲ್ ಕ್ಯಾಮೆರಾಕ್ಕೆ ಹೋದ ಫಿಲ್ಮು ಅಲ್ಲಿ ಕಲಿತ ಬುದ್ಧಿಯನ್ನು ಸಿನಿಮಾಕ್ಕೆ ವಾಪಸ್ ತಂದಿದ್ದು 1954ರಲ್ಲಿ. ತಂದವರು ಹಾಲಿವುಡ್‌ನ ಪ್ಯಾರಾಮೌಂಟ್ ಸ್ಟುಡಿಯೋದವರು. ಸುಮ್ನೆ ಏನೂ ತರಲಿಲ್ಲ. ಅವರಿಗೆ ಪೇಚಾಟ ಶುರುವಾಗಿತ್ತು.

ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಥಿಯೇಟರುಗಳಿಗೆ ಬರುವ ಜನ ವರ್ಷದಿಂದ ವರ್ಷಕ್ಕೆ ಕಡಿಮೆಯಾಗತೊಡಗಿದರು. ಮನೆಮನೆಗೂ ಟಿ.ವಿ. ಬರುತ್ತಿತ್ತು. ಪುಕ್ಕಟೆ ಸಿಗುವುದನ್ನು ಬಿಟ್ಟು ದುಡ್ಡು ಕೊಟ್ಟು ಬರಬೇಕೆಂದರೆ ಟಿ.ವಿ.ಯಲ್ಲಿ ಸಿಗದ ಏನಾದರೂ ಥಿಯೇಟರಿನಲ್ಲಿ ಇರಬೇಕಲ್ವಾ? 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಸಿನೆರಾಮಾ ಬಂತು. ಮೂರು ಪ್ರೊಜೆಕ್ಟರು ಒಟ್ಟಿಗೆ ಓಡಿಸಿ, 146 ಡಿಗ್ರಿ ಬಾಗಿದ ಪರದೆಯ ಮೇಲೆ ಮೂರು ಚಿತ್ರಗಳನ್ನು ಪಕ್ಕಪಕ್ಕ ಜೋಡಿಸುವ ವ್ಯವಸ್ಥೆ. ನೋಡಿದವರು ಕುರ್ಚಿ ಹಿಡಿದುಕೊಂಡು ಕೂತರು. ಅದೇ ನವೆಂಬರಿನಲ್ಲಿ ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಗೀಳು ಹತ್ತಿತು. 1953ರ ಸೆಪ್ಟೆಂಬರಿನಲ್ಲಿ ಫಾಕ್ಸ್ ಕಂಪನಿ ‘ದ ರೋಬ್’ ಚಿತ್ರದ ಜೊತೆ ಸಿನಿಮಾಸ್ಕೋಪ್ ಬಿಟ್ಟಿತು.

ಸಿನಿಮಾಸ್ಕೋಪ್ ಅಂದರೆ ನಮಗೆ ಹೊಸದಾಗಿ ಹೇಳಬೇಕಿಲ್ಲ. ಕನ್ನಡದಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದಿದ್ದು 1977ರಲ್ಲಿ. ಆಮೇಲೆ ಪೋಸ್ಟರಿನ ಮೇಲೆ ಆ ಪದ ಬಿಲ್ಲಿನಂತೆ ಬಾಗಿಕೊಂಡಿರುವುದನ್ನು ನೋಡಿಯೇ ಒಂದು ತಲೆಮಾರು ಬೆಳೆಯಿತು. ಅದರ ಗುಟ್ಟು ಇರುವುದು ಲೆನ್ಸಿನಲ್ಲಿ. ಫ್ರಾನ್ಸಿನ ಆನ್ರಿ ಕ್ರೆಟಿಯಾನ್ 1920ರ ದಶಕದಲ್ಲೇ ಇಂಥ ಲೆನ್ಸು ಮಾಡಿಟ್ಟಿದ್ದ. ಚಿತ್ರೀಕರಣದಲ್ಲಿ ಅದು ಅಗಲವಾದ ದೃಶ್ಯವನ್ನು ಎರಡೂ ಕಡೆಯಿಂದ ಅಮುಕಿ ಅರ್ಧ ಅಗಲಕ್ಕೆ ಇಳಿಸುತ್ತದೆ. ಫಿಲ್ಮಿನಲ್ಲಿ ಎಲ್ಲರೂ ಊದುಬತ್ತಿಯಂತೆ ಉದ್ದುದ್ದ. ಪ್ರೊಜೆಕ್ಟರಿನ ಲೆನ್ಸು ಅವರನ್ನು ಮತ್ತೆ ಹಿಗ್ಗಿಸುತ್ತದೆ.

ಉಪಾಯ ಚೆನ್ನಾಗಿದೆ, ಆದರೆ ಎರಡು ತೊಡಕಿತ್ತು. ಮೊದಲನೆಯದು ಚಿತ್ರದ್ದು. ಆಗಿನ ಲೆನ್ಸುಗಳು ಎಲ್ಲ ದೂರಕ್ಕೂ ಒಂದೇ ಸಮ ಅಮುಕುತ್ತಿರಲಿಲ್ಲ. ಕ್ಯಾಮೆರಾ ಹತ್ತಿರ ಹೋದರೆ ನಾಯಕಿಯ ಕೆನ್ನೆ ದಪ್ಪಗಾಗುತ್ತಿತ್ತು. ಹಾಲಿವುಡ್ಡಿನವರು ಇದಕ್ಕೆ ಮಂಗನಬಾವು ಎಂದೇ ಹೆಸರಿಟ್ಟಿದ್ದರು. ಎರಡನೆಯದು ದುಡ್ಡಿನದ್ದು. ಥಿಯೇಟರಿನವನು ಹೊಸ ಲೆನ್ಸು ಕೊಳ್ಳಬೇಕು, ಹೊಸ ಪರದೆ ಹಾಕಿಸಬೇಕು. ಶುರುವಿನಲ್ಲಿ ಫಾಕ್ಸ್‌ನವರು ಸ್ಟೀರಿಯೋ ಧ್ವನಿಯ ಉಪಕರಣವೂ ಬೇಕೇ ಬೇಕು ಅಂತ ಪಟ್ಟು ಹಿಡಿದಿದ್ದರು. ಚಿಕ್ಕ ಊರಿನ ಥಿಯೇಟರಿನವನು ಎಲ್ಲಿಗೆ ಹೋಗಬೇಕು?

ಪ್ಯಾರಾಮೌಂಟ್ ಮೊದಲು ಹಿಡಿದದ್ದು ಸುಲಭದ ದಾರಿ. ಇರುವ ಚಿತ್ರದ ಮೇಲೆ ಕೆಳಗೆ ಕತ್ತರಿಸಿ, ಉಳಿದದ್ದನ್ನು ಜಾಸ್ತಿ ಹಿಗ್ಗಿಸುವುದು. ‘ಶೇನ್’ ಚಿತ್ರವನ್ನು ತೆಗೆದದ್ದು ಹಳೇ ಚೌಕಾಕಾರದ ಅಳತೆಗೆ. 1953ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಗಾಳಿ ಬದಲಾಗಿತ್ತು. ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಅದನ್ನೇ ಕತ್ತರಿಸಿ 1.66ಕ್ಕೆ 1ರ ಅಳತೆಯಲ್ಲಿ, ಅಂದರೆ ಎತ್ತರ 1 ಇದ್ದರೆ ಅಗಲ 1.66 ಇರುವಂತೆ, ಅಗಲ ಪರದೆಗೆ ತೋರಿಸಿದರು. ಅಗಲವೇನೋ ಬಂತು. ಆದರೆ ಮೊದಲೇ ಚಿಕ್ಕದಾಗಿದ್ದ ಫ್ರೇಮಿನಲ್ಲಿ ಒಂದು ಪಾಲು ಕೈಬಿಟ್ಟಿತು, ಉಳಿದದ್ದು ಇನ್ನಷ್ಟು ಹಿಗ್ಗಿತು. ನಾಲ್ಕು ಜನರ ದೋಸೆ ಹಿಟ್ಟಿಗೆ ನೀರು ಬೆರೆಸಿ ಎಂಟು ಜನಕ್ಕೆ ಹೊಯ್ದ ಹಾಗೆ.

ಫಿಲ್ಮಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಸಂಯುಕ್ತದ ಸಣ್ಣ ಸಣ್ಣ ಹರಳುಗಳಿಂದ. ಅವು ಒಂದೇ ಸಮ ಇರುವುದಿಲ್ಲ, ಚೆಲ್ಲಾಪಿಲ್ಲಿ ಹರಡಿರುತ್ತವೆ. ಬಣ್ಣದ ಫಿಲ್ಮಿನಲ್ಲಿ ಆ ಹರಳಿದ್ದ ಕಡೆ ಬಣ್ಣದ ಚುಕ್ಕೆ ಉಳಿಯುತ್ತದೆ. ಚಿತ್ರವನ್ನು ಜಾಸ್ತಿ ಹಿಗ್ಗಿಸಿದರೆ ಆ ಚುಕ್ಕೆಗಳೇ ಪರದೆಯ ಮೇಲೆ ರವೆ ಚೆಲ್ಲಿದ ಹಾಗೆ ಕುಣಿಯುತ್ತವೆ. ಇದನ್ನೇ ಗ್ರೇನ್ ಎನ್ನುವುದು. 1950ರ ದಶಕದ ಶುರುವಿನ ಕಲರ್ ನೆಗೆಟಿವ್‌ನಲ್ಲಿ ಗ್ರೇನ್ ಇವತ್ತಿಗಿಂತ ತುಂಬಾ ಒರಟು. ಸಣ್ಣ ಪರದೆಯಲ್ಲಿ ಕಾಣದೆ ಇದ್ದದ್ದು ದೊಡ್ಡ ಪರದೆಯಲ್ಲಿ ಕಣ್ಣಿಗೆ ರಾಚುತ್ತಿತ್ತು.

ಪ್ಯಾರಾಮೌಂಟಿನ ಎಂಜಿನಿಯರುಗಳು ಯೋಚನೆಯನ್ನು ತಿರುಗಿಸಿ ಹಾಕಿದ್ದು ಇಲ್ಲಿ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಘಟ್ಟವೂ ಇದೇ. ಥಿಯೇಟರಿಗೆ ಹೋಗುವ ಪ್ರಿಂಟು ದೊಡ್ಡದಾಗಬೇಕಿಲ್ಲ, ದೊಡ್ಡದಾಗಬೇಕಿರುವುದು ನೆಗೆಟಿವ್ ಎಂದು ಅವರಿಗೆ ಹೊಳೆಯಿತು. ಚಿತ್ರ ಹಾಳಾಗುವುದು ಜಾಸ್ತಿ ಮೊದಲ ಹಂತದಲ್ಲಿ, ಕ್ಯಾಮೆರಾದೊಳಗೆ. ಪ್ರಿಂಟ್ ಮಾಡುವ ಫಿಲ್ಮಿಗೆ ಬೆಳಕಿನ ಅವಸರವಿಲ್ಲ, ಆದ್ದರಿಂದ ಅದರ ಗ್ರೇನ್ ತುಂಬಾ ನಯ. ಹಾಗಾದರೆ ದೊಡ್ಡ ನೆಗೆಟಿವ್‌ನಲ್ಲಿ ಚಿತ್ರ ತೆಗೆದು, ಆಮೇಲೆ ಅದನ್ನು ಕುಗ್ಗಿಸಿ ಮಾಮೂಲಿ ಪ್ರಿಂಟಿಗೆ ಇಳಿಸಿದರೆ? ಚಿತ್ರದ ಜೊತೆಗೆ ಗ್ರೇನ್ ಕೂಡ ಕುಗ್ಗುತ್ತದೆ. ಹಾಲನ್ನು ಬತ್ತಿಸಿದ ಹಾಗೆ. ಲೋಟದ ಅಳತೆ ಅಷ್ಟೇ, ಒಳಗಿರುವುದು ಗಟ್ಟಿ.

ದೊಡ್ಡ ನೆಗೆಟಿವ್‌ಗೆ ಅಗಲವಾದ ಹೊಸ ಫಿಲ್ಮ್ ಮಾಡಿಸಬಹುದಿತ್ತು. ಅದಕ್ಕೆ ಹೊಸ ಲ್ಯಾಬ್, ಹೊಸ ಯಂತ್ರ ಎಲ್ಲ ಬೇಕು. ಅವರು 35 ಮಿ.ಮೀ. ಫಿಲ್ಮನ್ನೇ ಅಡ್ಡ ಮಲಗಿಸಿದರು. ಒಂದು ಫ್ರೇಮಿಗೆ ಎಂಟು ತೂತು, ಹೆಚ್ಚುಕಡಿಮೆ ಲೈಕಾದ್ದೇ ಅಳತೆ. ಅಗಲ ಪರದೆಗೆ ಬಳಸುವ ಭಾಗವನ್ನಷ್ಟೇ ಲೆಕ್ಕ ಹಾಕಿದರೂ ಮಾಮೂಲಿ ಫ್ರೇಮಿನ ಎರಡೂವರೆ ಪಟ್ಟಿಗೂ ಜಾಸ್ತಿ ಜಾಗ. ಹಾಲಿವುಡ್ಡಿನವರು ಇದನ್ನು ‘ಲೇಜಿ ಎಯ್ಟ್’ ಎಂದು ಕರೆದರು. ಸೋಮಾರಿಯಾಗಿ ಅಡ್ಡಾದ ಎಂಟು.

ಕ್ಯಾಮೆರಾ ಎಲ್ಲಿಂದ ತರುವುದು? ಅದಕ್ಕೂ ಗುಜರಿಯೇ ಗತಿಯಾಯಿತು. 1920ರ ದಶಕದಲ್ಲಿ ವಿಲಿಯಂ ಸ್ಟೈನ್ ಎಂಬಾತ ಎರಡು ಬಣ್ಣದ ಸಿನಿಮಾ ತೆಗೆಯಲು ಕ್ಯಾಮೆರಾ ಮಾಡಿದ್ದ. ಅದು ಒಂದೇ ಸಲಕ್ಕೆ ಎರಡು ಫ್ರೇಮು, ಅಂದರೆ ಎಂಟು ತೂತು ಫಿಲ್ಮನ್ನು ಎಳೆಯುತ್ತಿತ್ತು. ಬಣ್ಣದ ಆ ಪದ್ಧತಿ ನಡೆಯಲಿಲ್ಲ, ಯಂತ್ರ ಉಳಿದಿತ್ತು. ಎಂಟು ತೂತು ಎಳೆಯುವುದನ್ನು ಅದು ಮೊದಲೇ ಬಲ್ಲದು. ಪಕ್ಕಕ್ಕೆ ಮಲಗಿಸಿ, ನಡುವೆ ದೊಡ್ಡ ಕಿಟಕಿ ಕೊರೆದರೆ ಆಯಿತು. ಫಿಲ್ಮ್ ಸುತ್ತಿಡುವ ಡಬ್ಬಿಗಳು ಎಡಕ್ಕೊಂದು ಬಲಕ್ಕೊಂದು ರೆಕ್ಕೆಯಂತೆ ಚಾಚಿಕೊಂಡಿದ್ದರಿಂದ ಇವಕ್ಕೆ ಬಟರ್‌ಫ್ಲೈ ಕ್ಯಾಮೆರಾ ಎಂದು ಹೆಸರಾಯಿತು. ಮುಂದೆ ಮಿಚೆಲ್ ಕಂಪನಿ ಇದಕ್ಕೆಂದೇ ಹೊಸ ಕ್ಯಾಮೆರಾ ಮಾಡಿಕೊಟ್ಟಿತು.

ಇದರಲ್ಲಿ ಮೊದಲು ತೆಗೆದದ್ದು ಬಿಂಗ್ ಕ್ರಾಸ್ಬಿಯ ಹಾಡುಕುಣಿತದ ‘ವೈಟ್ ಕ್ರಿಸ್‌ಮಸ್’. 1954ರ ಅಕ್ಟೋಬರ್ 14ರಂದು ಅದೇ ರೇಡಿಯೋ ಸಿಟಿಯಲ್ಲಿ ಬಿಡುಗಡೆಯಾಯಿತು. ಅಲ್ಲಿ ಅಡ್ಡ ಓಡುವ ಪ್ರೊಜೆಕ್ಟರನ್ನೇ ಇಟ್ಟು, ಕುಗ್ಗಿಸದ ದೊಡ್ಡ ಪ್ರಿಂಟನ್ನೇ ತೋರಿಸಿದರು. ಆದರೆ ಇಂಥ ಪ್ರೊಜೆಕ್ಟರು ಬಂದದ್ದು ಬೆರಳೆಣಿಕೆಯ ಥಿಯೇಟರುಗಳಿಗೆ, ಅದೂ ದೊಡ್ಡ ಪ್ರದರ್ಶನಗಳ ಸಲುವಾಗಿ. ಉಳಿದೆಡೆ ಹೋದದ್ದು ಮಾಮೂಲಿ ಪ್ರಿಂಟು. ಲ್ಯಾಬಿನಲ್ಲಿ ಅಡ್ಡ ಮಲಗಿದ ಚಿತ್ರವನ್ನು 90 ಡಿಗ್ರಿ ತಿರುಗಿಸಿ, ಕುಗ್ಗಿಸಿ, ನಾಲ್ಕು ತೂತಿನ ಫ್ರೇಮಿಗೆ ನಿಲ್ಲಿಸುತ್ತಿದ್ದರು.

ಅಂದರೆ ಆ ಕಾಲದಲ್ಲಿ ವಿಸ್ಟಾವಿಷನ್ ಸಿನಿಮಾ ನೋಡಿದವರಲ್ಲಿ ಹೆಚ್ಚಿನವರು ವಿಸ್ಟಾವಿಷನ್ ಫಿಲ್ಮಿನ ಮೂಲಕ ಬೆಳಕು ಹಾದುಹೋದದ್ದನ್ನು ನೋಡಲೇ ಇಲ್ಲ! ಅವರು ನೋಡಿದ್ದು ಬತ್ತಿಸಿದ ಹಾಲನ್ನು.

ಥಿಯೇಟರಿನವರ ಮನಸ್ಸನ್ನು ಪ್ಯಾರಾಮೌಂಟ್ ಎಷ್ಟು ನಾಜೂಕಾಗಿ ಸವರಿತು ಎಂದು ನೋಡಿದರೆ ನಗು ಬರುತ್ತದೆ. ಸ್ವಲ್ಪ ಹಿನ್ನೆಲೆ ಬೇಕು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟುಡಿಯೋಗಳ ಏಕಸ್ವಾಮ್ಯದ ವಿರುದ್ಧ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆಯ ಹೆಸರಿನಲ್ಲೇ ಪ್ಯಾರಾಮೌಂಟ್ ಇತ್ತು. ಅದಾದ ಮೇಲೆ ಕಂಪನಿ ತನ್ನ ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಸ್ವಂತ ಥಿಯೇಟರ್ ಇಲ್ಲದವರು ಬೇರೆಯವರಿಗೆ ಲೆನ್ಸು ಕೊಳ್ಳಿ, ಸ್ಪೀಕರ್ ಕೊಳ್ಳಿ ಎಂದು ಗದರಿಸುವುದು ಕಷ್ಟ. ಹಾಗಾಗಿ ವಿಸ್ಟಾವಿಷನ್ ಎಲ್ಲದಕ್ಕೂ ಹೂಂ ಎಂದಿತು. ಪರದೆಯ ಅಳತೆ ಇಷ್ಟೇ ಇರಬೇಕು ಎಂಬ ಹಟವಿಲ್ಲ. 1.85ಕ್ಕೆ 1 ಇದ್ದರೆ ಚೆನ್ನ, ನಿಮ್ಮಲ್ಲಿ 1.66 ಇದೆಯಾ, ಆಗಲಿ, 2 ಬೇಕಾ, ಅದೂ ಆಗಲಿ. ಪ್ರತಿ ರೀಲಿನ ಶುರುವಿನಲ್ಲಿ ಇಂಗ್ಲಿಷಿನ ಎಫ್ ಆಕಾರದ ಒಂದು ಗುರುತು ಬರುತ್ತಿತ್ತು. ಅದರ ಗೆರೆಗಳನ್ನು ನೋಡಿಕೊಂಡು ಆಪರೇಟರು ತನ್ನ ಪರದೆಗೆ ಸರಿಯಾಗಿ ಚಿತ್ರವನ್ನು ಮೇಲೆ ಕೆಳಗೆ ಹೊಂದಿಸಿಕೊಳ್ಳಬಹುದಿತ್ತು. ನಾಯಕನ ತಲೆ ಕತ್ತರಿಸಿ ಹೋಗಿ, ಗಾಂಧಿ ಕ್ಲಾಸಿನಿಂದ ಶಿಳ್ಳೆ ಬಿದ್ದ ಮೇಲೆ ಗಡಿಬಿಡಿಯಲ್ಲಿ ಫ್ರೇಮು ಎತ್ತುವುದನ್ನು ನೋಡಿದವರಿಗೆ ಈ ಗುರುತಿನ ಬೆಲೆ ಗೊತ್ತು.

ಧ್ವನಿಯಲ್ಲೂ ಅದೇ ನೀತಿ. ಪರ್ಸ್ಪೆಕ್ಟಾ ಎಂಬ ಪದ್ಧತಿ ಬಳಸಿದರು. ಧ್ವನಿಯ ಪಟ್ಟಿ ಒಂದೇ. ಅದರಲ್ಲಿ ಕಿವಿಗೆ ಕೇಳದಷ್ಟು ಮೆಲ್ಲಗೆ ಮೂರು ತಗ್ಗು ಸ್ವರ ಸೇರಿಸಿರುತ್ತಾರೆ. ವಿಶೇಷ ಪೆಟ್ಟಿಗೆ ಇದ್ದ ಥಿಯೇಟರಿನಲ್ಲಿ ಆ ಸ್ವರಗಳು ಮಾತನ್ನು ಎಡಕ್ಕೋ ಬಲಕ್ಕೋ ನಡುವಿಗೋ ದೂಡುತ್ತವೆ. ಪೆಟ್ಟಿಗೆ ಇಲ್ಲದಿದ್ದರೆ ಮಾಮೂಲಿ ಧ್ವನಿ. ಯಾರಿಗೂ ನಷ್ಟವಿಲ್ಲ.

ಇನ್ನೊಂದು ಮಾತು. ವಿಸ್ಟಾವಿಷನ್ನನ್ನು ಅಗಲ ಪರದೆಯ ಪಟ್ಟಿಯಲ್ಲಿ ಸೇರಿಸುತ್ತೇವೆ, ಆದರೆ ಅದರ ಮನಸ್ಸಿದ್ದದ್ದು ಅಗಲದ ಮೇಲಲ್ಲ. ಸಿನಿಮಾಸ್ಕೋಪ್ ಶುರುವಿನಲ್ಲಿ 2.55ಕ್ಕೆ 1ರಷ್ಟು ಅಗಲವಿತ್ತು, ಚಿಕ್ಕ ಥಿಯೇಟರುಗಳಲ್ಲಿ ಅದು ಲೆಟರ್ ಬಾಕ್ಸಿನ ಸೀಳಿನಂತೆ ಕಾಣುತ್ತಿತ್ತು. ಎತ್ತರವೂ ಬೇಕು, ಚಿತ್ರ ಸ್ಪಷ್ಟವೂ ಇರಬೇಕು ಎಂಬುದು ಪ್ಯಾರಾಮೌಂಟಿನ ವಾದ. ಇವತ್ತು ಲೆಕ್ಕವಿಲ್ಲದಷ್ಟು ಸಿನಿಮಾಗಳು ಬರುವುದು 1.85ರಲ್ಲೇ. ಈ ವಾದದಲ್ಲಿ ಪೂರ್ತಿ ಸೋತವರು ಯಾರೂ ಇಲ್ಲ ಅನ್ನಿಸುತ್ತದೆ.

1955ರಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಪ್ಯಾರಾಮೌಂಟ್ ಸ್ಟುಡಿಯೋ, ಅದರ ಎಂಜಿನಿಯರುಗಳಾದ ಲೋರೆನ್ ರೈಡರ್ ಮತ್ತು ಜಾನ್ ಬಿಷಪ್ ಹಾಗೂ ತಾಂತ್ರಿಕ ಸಿಬ್ಬಂದಿಗೆ ಇದಕ್ಕಾಗಿ ತಾಂತ್ರಿಕ ಪ್ರಶಸ್ತಿ ಬಂತು. ಮುಂದಿನ ಕೆಲವು ವರ್ಷ ವಿಸ್ಟಾವಿಷನ್‌ನ ಸುಗ್ಗಿ. ಆಲ್ಫ್ರೆಡ್ ಹಿಚ್‌ಕಾಕ್ ಇದರಲ್ಲಿ ಐದು ಚಿತ್ರ ತೆಗೆದರು. ‘ವರ್ಟಿಗೊ’ (1958), ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಎರಡೂ ಇದರಲ್ಲಿ ತೆಗೆದವು. ಎರಡನೆಯದು ಎಂಜಿಎಂ ಸ್ಟುಡಿಯೋದ್ದು, ಅಂದರೆ ಎದುರಾಳಿಗಳೂ ಬಳಸುತ್ತಿದ್ದರು. ಜಾನ್ ಫೋರ್ಡ್ 1956ರ ‘ದ ಸರ್ಚರ್ಸ್’ ಚಿತ್ರಕ್ಕೆ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳನ್ನು ಇದರಲ್ಲೇ ಸೆರೆಹಿಡಿದರು. ಅದೇ ವರ್ಷದ ‘ದ ಟೆನ್ ಕಮಾಂಡ್‌ಮೆಂಟ್ಸ್’ನಲ್ಲಿ ಕೆಂಪು ಸಮುದ್ರ ಇಬ್ಭಾಗವಾಗುವ ದೃಶ್ಯವಿದೆ. ಬೇರೆ ಬೇರೆ ಕಡೆ ತೆಗೆದ ತುಣುಕುಗಳನ್ನು ಒಂದರ ಮೇಲೊಂದು ಕೂಡಿಸಿದ ಆ ಕೆಲಸಕ್ಕೆ ಜಾನ್ ಫುಲ್ಟನ್ ಆಸ್ಕರ್ ಪಡೆದರು. ಈ ಕೂಡಿಸುವ ಕೆಲಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ಮೆರೆದದ್ದು ಹತ್ತು ವರ್ಷವೂ ಬಾಳಲಿಲ್ಲ. ಕಾರಣ ಸರಳ. ಅಡ್ಡ ಓಡುವ ಫಿಲ್ಮು ಎರಡು ಪಟ್ಟು ಖರ್ಚಾಗುತ್ತದೆ. ಮಾಮೂಲಿ ಕ್ಯಾಮೆರಾ ನಿಮಿಷಕ್ಕೆ 90 ಅಡಿ ನುಂಗಿದರೆ ಇದು 180 ಅಡಿ. 1,000 ಅಡಿಯ ರೋಲು ಹನ್ನೊಂದು ನಿಮಿಷ ಬರುವುದರ ಬದಲು ಐದೂವರೆ ನಿಮಿಷಕ್ಕೆ ಖಾಲಿ. ಕ್ಯಾಮೆರಾ ಭಾರ, ಸದ್ದೂ ಜಾಸ್ತಿ. ನೆಗೆಟಿವ್ ದೊಡ್ಡದಾದಷ್ಟು ಫೋಕಸ್ ಹಿಡಿಯುವುದೂ ಕಷ್ಟ, ಸ್ವಲ್ಪ ಹಿಂದೆ ಮುಂದೆ ಆದರೆ ಮುಖ ಮಸುಕು. ಇಷ್ಟೆಲ್ಲ ಸಹಿಸಿಕೊಂಡದ್ದು ಗ್ರೇನ್ ಕಾಟ ತಪ್ಪಲಿ ಎಂದು. ಆದರೆ ಕೊಡಕ್ ಕಂಪನಿ 1950ರ ದಶಕದ ಉದ್ದಕ್ಕೂ ಕಲರ್ ಫಿಲ್ಮನ್ನು ಸುಧಾರಿಸುತ್ತಲೇ ಹೋಯಿತು. ಮಾಮೂಲಿ ನೆಗೆಟಿವ್ವೇ ಸಾಕಷ್ಟು ನಯವಾದ ಮೇಲೆ ಎರಡು ಪಟ್ಟು ಫಿಲ್ಮ್ ಯಾರಿಗೆ ಬೇಕು? 1961ರಲ್ಲಿ ಬಂದ, ಮಾರ್ಲನ್ ಬ್ರಾಂಡೋ ನಿರ್ದೇಶಿಸಿದ ‘ಒನ್-ಐಡ್ ಜ್ಯಾಕ್ಸ್’ ಅಮೆರಿಕದಲ್ಲಿ ಆ ಕಾಲದ ಕೊನೆಕೊನೆಯ ವಿಸ್ಟಾವಿಷನ್ ಚಿತ್ರಗಳಲ್ಲಿ ಒಂದು. ಕ್ಯಾಮೆರಾಗಳು ಮೂಲೆ ಸೇರಿದವು.

ಉಪಾಯ ಮಾತ್ರ ಸಾಯಲಿಲ್ಲ. ಟೆಕ್ನಿಕಲರ್ ಕಂಪನಿ ಫಿಲ್ಮನ್ನು ಅಡ್ಡ ಮಲಗಿಸಿ, ಜೊತೆಗೆ ಅಮುಕುವ ಲೆನ್ಸನ್ನೂ ಸೇರಿಸಿ ಟೆಕ್ನಿರಾಮಾ ಮಾಡಿತು. 1970ರ ಒಸಾಕಾ ವಿಶ್ವಮೇಳದಲ್ಲಿ ಐಮ್ಯಾಕ್ಸ್ ಬಂತು. ಅದು ಅಗಲವಾದ 70 ಮಿ.ಮೀ. ಫಿಲ್ಮನ್ನೇ ಅಡ್ಡ ಮಲಗಿಸಿ, ಒಂದು ಫ್ರೇಮಿಗೆ 15 ತೂತು ಎಳೆಯುವ ಪದ್ಧತಿ. ನೋಡಿ, ಅದೇ ಉಪಾಯ, ಮೈ ಮಾತ್ರ ದೊಡ್ಡದು.

ಮೂಲೆ ಸೇರಿದ ಕ್ಯಾಮೆರಾಗಳಿಗೆ ಮರುಜನ್ಮ ಬಂದದ್ದು 1970ರ ದಶಕದ ನಡುವಿನಲ್ಲಿ. ಜಾರ್ಜ್ ಲ್ಯೂಕಾಸ್ ‘ಸ್ಟಾರ್ ವಾರ್ಸ್’ಗಾಗಿ 1975ರಲ್ಲಿ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಎಂಬ ಕಂಪನಿ ಕಟ್ಟಿದರು. ಜಾನ್ ಡೈಕ್‌ಸ್ಟ್ರಾ ಅದರ ಎಫೆಕ್ಟ್ಸ್ ನೋಡಿಕೊಂಡರು. ಬಾಹ್ಯಾಕಾಶದ ಯುದ್ಧ ತೋರಿಸಬೇಕು. ನಕ್ಷತ್ರಗಳು ಒಂದು ಫಿಲ್ಮಿನಲ್ಲಿ, ನೀಲಿ ಪರದೆ ಮುಂದೆ ತೆಗೆದ ಆಟಿಕೆ ವಿಮಾನ ಇನ್ನೊಂದರಲ್ಲಿ, ಎದುರಾಳಿ ವಿಮಾನ ಮತ್ತೊಂದರಲ್ಲಿ, ಲೇಸರ್ ಗೆರೆ ಬೇರೆ. ಕಂಪ್ಯೂಟರಿನಲ್ಲಿ ಚಿತ್ರ ಕೂಡಿಸುವ ಕಾಲ ಅದಲ್ಲ. ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದೊಂದೇ ತುಣುಕನ್ನು ಹೊಸ ಫಿಲ್ಮಿನ ಮೇಲೆ ಮತ್ತೆ ಫೋಟೋ ತೆಗೆಯಬೇಕು. ಜೆರಾಕ್ಸ್‌ನ ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿದ ಹಾಗೆ, ಪ್ರತಿ ಸಲವೂ ಅಕ್ಷರ ಮಸುಕಾಗುತ್ತದೆ, ಗ್ರೇನ್ ಏರುತ್ತದೆ. ಆಮೇಲೆ ಆ ದೃಶ್ಯವನ್ನು ನಟರ ಮಾಮೂಲಿ ದೃಶ್ಯದ ಪಕ್ಕ ಜೋಡಿಸಿದರೆ, ಇದು ಟ್ರಿಕ್ಕು ಅಂತ ಮಗುವಿಗೂ ಗೊತ್ತಾಗುತ್ತದೆ.

ದೊಡ್ಡ ನೆಗೆಟಿವ್‌ನಿಂದ ಶುರು ಮಾಡಿದರೆ ಕಳೆದುಕೊಳ್ಳಲು ಒಂದಿಷ್ಟು ದಾಸ್ತಾನು ಇರುತ್ತದೆ. ನಾಲ್ಕು ಸಲ ಜೆರಾಕ್ಸ್ ಆದರೂ ಕೊನೆಗೆ ಕುಗ್ಗಿಸುವಾಗ ಗ್ರೇನ್ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಯಾರಿಗೂ ಬೇಡವಾಗಿದ್ದ ವಿಸ್ಟಾವಿಷನ್ ಸಾಮಾನು ಆಗ ಅಗ್ಗವಾಗಿ ಸಿಗುತ್ತಿತ್ತು. ಡೈಕ್‌ಸ್ಟ್ರಾ ತಂಡ ಆ ಕ್ಯಾಮೆರಾವನ್ನು ಕಂಬಿಯ ಮೇಲೆ ಓಡುವ ಯಂತ್ರಕ್ಕೆ ಕಟ್ಟಿತು. ಒಮ್ಮೆ ಓಡಿದ ದಾರಿಯಲ್ಲೇ ಕರಾರುವಾಕ್ಕಾಗಿ ಮತ್ತೆ ಮತ್ತೆ ಓಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರಲ್ಲಿತ್ತು. ಅದೇ ಡೈಕ್‌ಸ್ಟ್ರಾಫ್ಲೆಕ್ಸ್. ‘ಸ್ಟಾರ್ ವಾರ್ಸ್’ನಲ್ಲಿ ನಟರ ದೃಶ್ಯಗಳೆಲ್ಲ ಮಾಮೂಲಿ 35 ಮಿ.ಮೀ. ಪದ್ಧತಿಯವು, ಆಕಾಶದಲ್ಲಿ ಹಾರಾಡುವವು ವಿಸ್ಟಾವಿಷನ್ನಿನವು.

1977ರಿಂದ ಮುಂದೆ ಸುಮಾರು ಎರಡು ದಶಕ ಇದೇ ಅದರ ಹೊಟ್ಟೆಪಾಡು. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ ಕಾರ್ಟೂನ್ ಮೊಲದ ಜೊತೆ ನಟ ಮಾತಾಡುವಾಗಲೂ, 1989ರ ‘ಬ್ಯಾಕ್ ಟು ದ ಫ್ಯೂಚರ್’ ಎರಡನೇ ಭಾಗದಲ್ಲಿ ಒಬ್ಬನೇ ನಟ ಮೂರು ಪಾತ್ರವಾಗಿ ಒಂದೇ ಊಟದ ಮೇಜಿಗೆ ಬರುವಾಗಲೂ ಕೆಲಸ ಮಾಡಿದ್ದು ಅಡ್ಡ ಫಿಲ್ಮೇ. ಹೆಸರು ಪೋಸ್ಟರಿನ ಮೇಲಿಲ್ಲ, ದುಡಿಮೆ ಮಾತ್ರ ಜೋರು. ಡಿಜಿಟಲ್ ಕಾಲ ಬಂದ ಮೇಲೆ ಕಾಪಿಗೆ ಕಾಪಿ ಮಸುಕಾಗುವುದು ನಿಂತಿತು, ಈ ಕೆಲಸವೂ ಕೈಬಿಟ್ಟಿತು.

ಹಳೆಯ ಚಿತ್ರಗಳನ್ನು ಉಳಿಸುವವರಿಗೆ ಮಾತ್ರ ಆ ದೊಡ್ಡ ನೆಗೆಟಿವ್ ಈಗಲೂ ನಿಧಿ. ‘ವರ್ಟಿಗೊ’ದ ಬಣ್ಣ ಮಾಸಿತ್ತು. ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕಾಟ್ಜ್ 1996ರಲ್ಲಿ ಅದನ್ನು ಸರಿಪಡಿಸಿ 70 ಮಿ.ಮೀ. ಪ್ರಿಂಟಿಗೆ ತಂದರು. ನಾಲ್ಕು ತೂತಿನ ನೆಗೆಟಿವ್ ಆಗಿದ್ದರೆ ಅಷ್ಟು ದೊಡ್ಡ ಪ್ರಿಂಟಿಗೆ ಹಿಗ್ಗಿಸುವ ಧೈರ್ಯ ಬರುತ್ತಿತ್ತೇ, ಅನುಮಾನ. 1958ರಲ್ಲಿ ಪ್ರಿಂಟಿಗೆ ಇಳಿಸುವಾಗ ಕಾಣದೆ ಹೋದ ವಿವರ 38 ವರ್ಷ ನೆಗೆಟಿವ್‌ನಲ್ಲಿ ಸುಮ್ಮನೆ ಕೂತಿತ್ತು.

ಈಗ ಮೂರನೇ ಜನ್ಮ ನಡೆಯುತ್ತಿದೆ. ಬ್ರೇಡಿ ಕಾರ್ಬೆ ನಿರ್ದೇಶನದ ‘ದ ಬ್ರೂಟಲಿಸ್ಟ್’ (2024) ಹೆಚ್ಚಾಗಿ ವಿಸ್ಟಾವಿಷನ್ನಿನಲ್ಲೇ ಚಿತ್ರೀಕರಣವಾಯಿತು. ಯುದ್ಧದ ನಂತರ ಅಮೆರಿಕಕ್ಕೆ ಬಂದ ವಾಸ್ತುಶಿಲ್ಪಿಯ ಕಥೆ ಅದು, ಅದೇ ಕಾಲದ ಕ್ಯಾಮೆರಾ ಬೇಕೆನ್ನಿಸಿದ್ದರಲ್ಲಿ ಅರ್ಥವಿದೆ. ಛಾಯಾಗ್ರಾಹಕ ಲೋಲ್ ಕ್ರಾಲಿಗೆ 2025ರ ಮಾರ್ಚಿನಲ್ಲಿ ಆಸ್ಕರ್ ಬಂತು. ತಮಾಷೆ ಏನೆಂದರೆ, ಗ್ರೇನ್ ಮುಚ್ಚಿಡಲು ಹುಟ್ಟಿದ ಪದ್ಧತಿಯನ್ನು ಈಗ ಫಿಲ್ಮಿನ ಗ್ರೇನ್ ಇಷ್ಟಪಡುವವರೇ ಹುಡುಕಿಕೊಂಡು ಹೋಗುತ್ತಿದ್ದಾರೆ. ಡಿಜಿಟಲ್‌ನ ನುಣುಪು ಅವರಿಗೆ ಸಾಕಾಗಿದೆ.

2025ರ ಸೆಪ್ಟೆಂಬರಿನಲ್ಲಿ ಪಾಲ್ ಥಾಮಸ್ ಆ್ಯಂಡರ್ಸನ್ನರ ‘ಒನ್ ಬ್ಯಾಟಲ್ ಆಫ್ಟರ್ ಅನದರ್’ ಬಂತು. ಅದನ್ನೂ ಹೆಚ್ಚಾಗಿ ವಿಸ್ಟಾವಿಷನ್ನಿನಲ್ಲೇ ತೆಗೆದಿದ್ದರು. ನಾವು ಇಲ್ಲಿ ನೋಡಿದ್ದು ಡಿಜಿಟಲ್ ಪ್ರದರ್ಶನ. ಲಾಸ್ ಏಂಜಲೀಸ್, ನ್ಯೂಯಾರ್ಕ್, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್, ಲಂಡನ್ – ಈ ನಾಲ್ಕು ಕಡೆ ಒಂದೊಂದು ಥಿಯೇಟರಿನಲ್ಲಿ ಮಾತ್ರ ಅಡ್ಡ ಪ್ರೊಜೆಕ್ಟರು ಕೂರಿಸಿ, ಎಂಟು ತೂತಿನ ಪ್ರಿಂಟನ್ನೇ ಓಡಿಸಿದರು. ಕುಗ್ಗಿಸಲಿಲ್ಲ, ಮೇಲೆ ಕೆಳಗೆ ಕತ್ತರಿಸಲೂ ಇಲ್ಲ. ಪರದೆಯ ಮೇಲೆ ಬಂದದ್ದು 1.5ಕ್ಕೆ 1ರ ಇಡೀ ಫ್ರೇಮು, ನಿಮ್ಮ ಚಿಕ್ಕಪ್ಪನ ನೆಗೆಟಿವ್ ಇರುವಷ್ಟೇ ಅಗಲ, ಅಷ್ಟೇ ಎತ್ತರ.